ಟಿಸಿ ಇಲ್ಲದ ಹುಡುಗಿ

ನಾಗಪುರದ ರಾಮದಾಸಪೇಠ್‌ಗೆ ಬಂದ ಮೇಲೆ ರಸ್ತೆಯಲ್ಲಿ ಕನ್ನಡ ಕೇಳುವ ಆಸೆಯನ್ನು ನಾನು ಬಿಟ್ಟೇಬಿಟ್ಟಿದ್ದೆ. ಇಲ್ಲಿ ಕಿವಿಗೆ ಬೀಳುವುದು ಮರಾಠಿ, ಇಲ್ಲವೆ ಹಿಂದಿ, ಇಲ್ಲವೆ ಎರಡನ್ನೂ ಕಲಸಿದ ನಾಗಪುರದ ಮಾತು. ಬಡಾವಣೆಯ ತುಂಬ ಆಸ್ಪತ್ರೆಗಳು, ಔಷಧದ ಅಂಗಡಿಗಳು, ದಿನಕ್ಕೊಂದು ಅಂತಸ್ತು ಏರುವ ಕಟ್ಟಡಗಳು. ನಮ್ಮ ಕನ್ನಡ ಮನೆಯ ಬಾಗಿಲೊಳಗೆ, ಫೋನಿನಲ್ಲಿ ಮತ್ತು ತಿಂಗಳಿಗೊಮ್ಮೆ ಸೇರುವ ನಾಲ್ಕು ಮನೆಯವರ ಊಟದಲ್ಲಿ ಮಾತ್ರ.

ಹಾಗಾಗಿ ಹೋದ ವರ್ಷ ದೀಪಾವಳಿ ಮುಗಿದ ವಾರ ಬೆಳಿಗ್ಗೆ ಹಾಲು ತರಲು ಕೆಳಗಿಳಿದಾಗ, "ಏ ತಮ್ಮಾ, ಕುಣ್ಯಾಗ ಬೀಳ್ತಿ ನೋಡು, ಈ ಕಡಿ ಬಾ" ಎಂಬ ಮಾತು ಕಿವಿಗೆ ಬಿದ್ದು ಅಲ್ಲೇ ನಿಂತುಬಿಟ್ಟೆ. ರಸ್ತೆಯ ಬದಿಯಲ್ಲಿ ಕೇಬಲ್ ಹಾಕಲು ಉದ್ದಕ್ಕೆ ಕುಣಿ ತೋಡುತ್ತಿದ್ದರು. ಕುಣಿಯ ಅಂಚಿನಲ್ಲಿ ಎಂಟು ಒಂಬತ್ತು ವರ್ಷದ ಹುಡುಗಿ, ಅವಳ ಕೈಯಲ್ಲಿ ಮೂರು ವರ್ಷದ ತಮ್ಮ. ಹುಡುಗಿಯ ಮೈಮೇಲಿದ್ದದ್ದು ನಮ್ಮ ಸರ್ಕಾರಿ ಶಾಲೆಯ ನೀಲಿ ಯೂನಿಫಾರ್ಮ್. ಮಣ್ಣು ಮೆತ್ತಿಕೊಂಡು ಬಣ್ಣವೇ ಬದಲಾಗಿತ್ತು.

"ಯಾವೂರವಾ ನಿಮ್ದು?" ಅಂದೆ. ನಾನು ಧಾರವಾಡದವಳು. ಎಷ್ಟು ಊರು ತಿರುಗಿದರೂ ಇಂಥ ಹೊತ್ತಿನಲ್ಲಿ ಊರ ಮಾತೇ ಬಾಯಿಗೆ ಬರುತ್ತದೆ.

ಅವಳು ಕಣ್ಣರಳಿಸಿ ನೋಡಿದಳು. "ಯಾದಗಿರಿ ಕಡೀದು ರೀ."

"ಸಾಲಿಗೆ ಹೋಗ್ತಿಯೇನು?"

"ಊರಾಗ ಹೋಗ್ತಿದ್ನಿ ರೀ. ಮೂರನೇತ್ತ ಅರ್ಧ ಆಗ್ಯಾದ."

ಬಿಟ್ಟೆ ಅನ್ನಲಿಲ್ಲ, ಅರ್ಧ ಆಗ್ಯಾದ ಅಂದಳು. ಉಳಿದರ್ಧ ಎಲ್ಲೋ ಕಾದಿದೆ ಎನ್ನುವ ಹಾಗೆ.

ಇಬ್ಬರೂ ವಲಸೆ ಬಂದವರೇ

ಮನೆಗೆ ಬಂದು ಹಾಲು ಕಾಯಿಸುವಾಗ ನಮ್ಮ ಮನೆಯದೇ ನೆನಪಾಯಿತು. ಯಜಮಾನರಿಗೆ ಬೆಂಗಳೂರಿನಿಂದ ಇಲ್ಲಿಗೆ ವರ್ಗವಾದಾಗ ನಾವು ಮೊದಲು ನೋಡಿದ್ದು ಮನೆಯನ್ನಲ್ಲ, ಮಗಳ ಶಾಲೆಯನ್ನು. ಫೋನಿನಲ್ಲೇ ಮಾತಾಡಿ ಸೀಟು ಗಟ್ಟಿ ಮಾಡಿಕೊಂಡೆವು. ಟಿಸಿ ಬರುವುದು ತಡವಾಗುತ್ತದೆ ಎಂದಾಗ, "ಪರವಾಗಿಲ್ಲ, ನಿಧಾನವಾಗಿ ಕೊಡಿ" ಎಂದರು. ಗ್ಯಾಸ್ ಕನೆಕ್ಷನ್ ಬರುವ ಮೊದಲೇ ಮಗಳು ಹೊಸ ಶಾಲೆಯ ಬಸ್ ಹತ್ತಿದ್ದಳು. ಅದು ಯಾರೋ ಮಾಡಿದ ಉಪಕಾರ ಎಂದು ನನಗೆ ಅನ್ನಿಸಿರಲೇ ಇಲ್ಲ. ಮಗು ಊರು ಬದಲಿಸಿದರೆ ಶಾಲೆ ಬದಲಾಗುತ್ತದೆ, ಅಷ್ಟೇ ತಾನೆ?

ಒಂದೇ ರಸ್ತೆಗೆ ಒಂದೇ ರಾಜ್ಯದಿಂದ ಇಬ್ಬರು ಹುಡುಗಿಯರು ಬಂದಿದ್ದಾರೆ. ಒಬ್ಬಳ ತಂದೆಗೆ ವರ್ಗ, ಇನ್ನೊಬ್ಬಳ ತಂದೆಗೆ ಗುಳೆ. 2011ರ ಜನಗಣತಿಯಲ್ಲಿ ದೇಶದೊಳಗೇ ಊರು ಬದಲಿಸಿದವರೆಂದು ಲೆಕ್ಕಕ್ಕೆ ಸಿಕ್ಕವರು 45 ಕೋಟಿಗೂ ಹೆಚ್ಚು. ಅದರಲ್ಲಿ ನಾವೂ ಇದ್ದೇವೆ, ಅವರೂ ಇದ್ದಾರೆ.

ಇಷ್ಟೆಲ್ಲ ಯೋಚಿಸಿದರೂ ನಾನು ಮಾಡಿದ್ದು ಬಿಸ್ಕತ್ತು ಕೊಟ್ಟದ್ದು, ಮಗಳ ಹಳೆಯ ಸ್ವೆಟರ್ ಕೊಟ್ಟದ್ದು, ಬರುವಾಗ ಹೋಗುವಾಗ ಮಾತಾಡಿಸಿದ್ದು, ಅಷ್ಟೇ. ಎರಡು ವಾರ ಹೀಗೇ ಕಳೆಯಿತು. ನಮ್ಮಂಥವರ ಕನಿಕರಕ್ಕೆ ಇದು ಅಭ್ಯಾಸವಾದ ದಾರಿ.

ಒಂದು ಸಂಜೆ ಮುಕಾದಮ ಬಂದು ಅಂದಿನ ಕೆಲಸ ಅಳೆಯುತ್ತಿದ್ದ. ಇವರಿಗೆ ಕೂಲಿ ಮೀಟರಿನ ಲೆಕ್ಕದಲ್ಲಿ. ಗಂಡ ಹೆಂಡತಿ ಸೇರಿ ಒಂದು ಜೋಡಿ. ಜೋಡಿ ಎಷ್ಟು ಮೀಟರ್ ತೋಡಿತೋ ಅಷ್ಟಕ್ಕೆ ದುಡ್ಡು, ಅದರಲ್ಲಿ ಊರಲ್ಲೇ ಕೊಟ್ಟ ಮುಂಗಡ ಕಳೆಯಬೇಕು. ಮುಕಾದಮ ಟೇಪು ಎಳೆದು, ಓದಿ, ಬರೆದುಕೊಂಡ. ಹುಡುಗಿ ಬಗ್ಗಿ ನೋಡಿ, "ಅಪ್ಪಾ, ಅಲ್ಲಿ ಹದಿನಾಕ ಅದ, ಹನ್ನೊಂದ ಅಲ್ಲ" ಅಂದಳು. ಮುಕಾದಮ ನಕ್ಕು ತಿದ್ದಿಕೊಂಡ. ಅವನು ಬೇಕೆಂದೇ ತಪ್ಪು ಬರೆದಿದ್ದನೋ ಕಣ್ಣು ತಪ್ಪಿತ್ತೋ ಗೊತ್ತಿಲ್ಲ. ಮೂರು ಮೀಟರ್ ಎಂದರೆ ಇಬ್ಬರು ಆಳಿನ ಅರ್ಧ ದಿನದ ಬೆವರು.

"ನಮ್ಮ ಪೈಕಿ ಟೇಪು ಓದಾಕಿ ಈಕಿ ಒಬ್ಬಾಕಿ ರೀ" ಎಂದ ಅಪ್ಪ, ಹೆಮ್ಮೆಯಿಂದ.

ಮೂಲಭೂತ ಶಿಕ್ಷಣ ಯಾಕೆ ಬೇಕು ಎಂದು ಭಾಷಣಗಳಲ್ಲಿ ಬಹಳ ಕೇಳಿದ್ದೇನೆ. ರಾಷ್ಟ್ರದ ಪ್ರಗತಿ, ಜಾಗತಿಕ ಸ್ಪರ್ಧೆ, ಏನೇನೋ. ಅರ್ಧ ಮೂರನೇ ತರಗತಿಯ ಬೆಲೆ ಎಷ್ಟು ಎಂಬುದನ್ನು ಮೂರು ಮೀಟರಿನ ಲೆಕ್ಕದಲ್ಲಿ ಕಣ್ಣಾರೆ ಕಂಡದ್ದು ಅಂದೇ. ಆ ವಿದ್ಯೆಯನ್ನು ಕೊಟ್ಟದ್ದು ಯಾದಗಿರಿಯ ಯಾವುದೋ ಸರ್ಕಾರಿ ಶಾಲೆ. ಅದು ಮುಂದುವರಿಯಲು ಇಲ್ಲಿ ಒಂದು ಶಾಲೆ ಬೇಕು.

"ಇರ್ಲಿ ಬಿಡ್ರಿ ಅಕ್ಕಾರ"

"ಯಾಕ್ರೀ ಸಾಲಿಗೆ ಹಾಕಿಲ್ಲ?" ಎಂದು ಕೇಳಿದೆ. ಕೇಳುವ ಧಾಟಿಯಲ್ಲಿ ಸ್ವಲ್ಪ ಆಕ್ಷೇಪವೂ ಇತ್ತೇನೋ.

"ಓದಸಬಾರ್ದಂತ ಅಲ್ರೀ ಅಕ್ಕಾರ. ಊರಾಗ ಬಿಟ್ಟು ಬರಬೇಕಂದ್ರ ನಮ್ಮವ್ವಗ ಕಣ್ಣ ಕಾಣಸಲ್ಲ. ಇಲ್ಲಿ ಯಾರ್ನ ಕೇಳಬೇಕು, ಏನಂತ ಕೇಳಬೇಕು?"

ಅವನ ಹೆಂಡತಿ ಸಲಿಕೆ ನಿಲ್ಲಿಸಿ ನಿಜವಾದ ಕಾರಣ ಹೇಳಿದಳು. "ಈಕಿ ಸಾಲಿಗಿ ಹೋದ್ರ ಸಣ್ಣಾವನ್ನ ಹಿಡಕೊಂಡು ನಾ ಕುಂದರಬೇಕು. ನಾ ಕುಂತ್ರ ಜೋಡಿ ಮುರೀತು."

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆಯಲ್ಲಿ ಶಿಶುವಿಹಾರದ ಮಾತಿತ್ತು. ಆರು ವರ್ಷದೊಳಗಿನ ಮಕ್ಕಳಿಗೆ ನೆರಳಿರುವ, ಗಾಳಿ ಬೆಳಕಿರುವ ಕೋಣೆ ಕೊಡಬೇಕಿತ್ತು, ನೋಡಿಕೊಳ್ಳಲು ತಿಳಿದ ಹೆಂಗಸು ಇರಬೇಕಿತ್ತು. ಆದರೆ ಅದು ಕಡ್ಡಾಯವಾಗುತ್ತಿದ್ದದ್ದು ಒಂದು ಜಾಗದಲ್ಲಿ 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುತ್ತಿದ್ದರೆ. ಈ ಕುಣಿಯ ಕೆಲಸದಲ್ಲಿದ್ದ ಹೆಂಗಸರು ನಾಲ್ಕು ಜನ. ಹಾಗಾಗಿ ಒಂಬತ್ತು ವರ್ಷದವಳೇ ಶಿಶುವಿಹಾರ. ಅವಳನ್ನು ಬಾಲಕಾರ್ಮಿಕಳೆಂದು ಯಾರೂ ಬರೆದುಕೊಳ್ಳುವುದಿಲ್ಲ, ಏಕೆಂದರೆ ಅವಳು ಕೂಲಿ ಮಾಡುತ್ತಿಲ್ಲ. 2011ರ ಜನಗಣತಿ 5ರಿಂದ 14 ವರ್ಷದ ದುಡಿಯುವ ಮಕ್ಕಳು ಸುಮಾರು 1 ಕೋಟಿ ಎಂದಿತು. ತಮ್ಮನನ್ನು ಎತ್ತಿಕೊಂಡ ಅಕ್ಕಂದಿರು ಆ ಲೆಕ್ಕದಲ್ಲಿ ಎಷ್ಟು ಜನ ಸೇರಿದ್ದಾರು?

ಮರುದಿನ ಅಪ್ಪ ಅರ್ಧ ದಿನದ ಕೂಲಿ ಬಿಟ್ಟ. ನಾನು, ಅವನು, ಹುಡುಗಿ ಮೂವರೂ ಹತ್ತಿರದ ಒಂದು ಶಾಲೆಗೆ ಹೋದೆವು. ಮೇಜಿನ ಆಚೆ ಕುಳಿತವರು ತಲೆ ಎತ್ತದೆ ಕೇಳಿದರು: "ಟಿಸಿ ಆಹೇ ಕಾ?"

ಇರಲಿಲ್ಲ. ಗುಳೆ ಹೊರಟ ರಾತ್ರಿ ಟಿಸಿ ತರಲು ಯಾರು ಹೋಗುತ್ತಾರೆ?

"ಆಧಾರ್?" ಊರಲ್ಲಿ, ಅಜ್ಜಿಯ ಟ್ರಂಕಿನಲ್ಲಿತ್ತು.

"ಶಾಲೆ ಶುರುವಾಗಿದ್ದು ಜೂನ್‌ನಲ್ಲಿ. ಈಗ ನವೆಂಬರ್. ಹುಡುಗಿಗೆ ಮರಾಠಿ ಬರುವುದಿಲ್ಲ. ನಾಲ್ಕು ತಿಂಗಳಲ್ಲಿ ಇವರು ಎದ್ದು ಹೋಗುತ್ತಾರೆ. ಹೆಸರು ಹಚ್ಚಿಕೊಂಡು ನಾವೇನು ಮಾಡೋಣ, ಮ್ಯಾಡಮ್?"

ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಎಲ್ಲವೂ ಸರಿಯಾದ ಮಾತೇ ಅನ್ನಿಸಿ ನಾನು ತಲೆಯಾಡಿಸಿದೆ. ಹೊರಗೆ ಬಂದಾಗ ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತ, ನನ್ನನ್ನೇ ಸಮಾಧಾನ ಮಾಡುವವನ ಹಾಗೆ, "ಇರ್ಲಿ ಬಿಡ್ರಿ ಅಕ್ಕಾರ" ಎಂದ.

ಆ ಮಾತು ರಾತ್ರಿಯೆಲ್ಲ ಕಾಡಿತು. ಶಾಲೆಯ ಬಸ್ಸು ಹತ್ತು ನಿಮಿಷ ತಡವಾದದ್ದಕ್ಕೆ ಪ್ರಿನ್ಸಿಪಾಲರವರೆಗೆ ಹೋಗಿ ಜಗಳ ಮಾಡಿದ ಹೆಂಗಸು ನಾನು. ಬೇರೆಯವರ ಮಗಳಿಗೆ ಬಾಗಿಲು ಹಾಕಿದಾಗ ತಲೆಯಾಡಿಸಿ ಬಂದಿದ್ದೆ.

ಕಾಯ್ದೆ ಏನು ಹೇಳುತ್ತದೆ

ಶಿಕ್ಷಣ ಹಕ್ಕು ಕಾಯ್ದೆ ಎಂಬ ಹೆಸರು ಎಲ್ಲರಂತೆ ನನಗೂ ಗೊತ್ತಿತ್ತು. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಅದರ ಮಾತು ಬರುವುದು ಖಾಸಗಿ ಶಾಲೆಯ ಶೇಕಡಾ 25 ಸೀಟುಗಳ ವಿಚಾರಕ್ಕೆ ಮಾತ್ರ. ಕಾಯ್ದೆಯನ್ನು ಕುಳಿತು ಓದಿದ್ದು ಅಂದೇ ರಾತ್ರಿ, ಮೊದಲ ಸಲ. 2009ರಲ್ಲಿ ಸಂಸತ್ತು ಒಪ್ಪಿ, 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಕಾಯ್ದೆ. ಓದುತ್ತ ಹೋದಂತೆ, ಬೆಳಿಗ್ಗೆ ಮೇಜಿನ ಆಚೆಯಿಂದ ಬಂದ ಒಂದೊಂದು ಪ್ರಶ್ನೆಗೂ ಅದರಲ್ಲಿ ಉತ್ತರ ಬರೆದಿಟ್ಟ ಹಾಗಿತ್ತು.

ಟಿಸಿ ಇಲ್ಲವೇ? 5ನೇ ಸೆಕ್ಷನ್ ನೋಡಿ. ಮಗು ಯಾವುದೇ ಕಾರಣಕ್ಕೆ ಶಾಲೆ ಬದಲಿಸಬೇಕಾಗಿ ಬಂದರೆ, ರಾಜ್ಯದೊಳಗೇ ಆಗಲಿ ಬೇರೆ ರಾಜ್ಯಕ್ಕೇ ಆಗಲಿ, ವರ್ಗಾವಣೆ ಕೇಳುವುದು ಅದರ ಹಕ್ಕು. ಟಿಸಿ ತಡವಾಯಿತೆಂದು ಪ್ರವೇಶ ತಡ ಮಾಡುವಂತಿಲ್ಲ, ನಿರಾಕರಿಸುವಂತಿಲ್ಲ.

ವಯಸ್ಸಿನ ದಾಖಲೆ ಇಲ್ಲವೇ? 14ನೇ ಸೆಕ್ಷನ್ ಪ್ರಕಾರ ಅದಿಲ್ಲವೆಂದು ಮಗುವನ್ನು ಹೊರಗಿಡುವಂತಿಲ್ಲ. ನವೆಂಬರ್ ಆಯಿತೇ? 15ನೇ ಸೆಕ್ಷನ್ ಪ್ರಕಾರ ಪ್ರವೇಶದ ಅವಧಿ ಮುಗಿದಿದ್ದರೂ ಸೇರಿಸಿಕೊಳ್ಳಬೇಕು. ಹಿಂದೆ ಬಿದ್ದಿದ್ದಾಳೆಯೇ? ಶಾಲೆಯನ್ನೇ ಕಾಣದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ 4ನೇ ಸೆಕ್ಷನ್. ಗುಳೆ ಬಂದವರೇ? ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು 9ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ.

ಇನ್ನು ಆಧಾರ್. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಶಾಲೆಯ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ಕಾಯ್ದೆ ಬರೆದವರು ಈ ಹುಡುಗಿಯನ್ನೇ ಎದುರಿಗೆ ಕೂರಿಸಿಕೊಂಡು ಬರೆದರೇನೋ ಅನ್ನಿಸಿತು. ಅದನ್ನು ಓದಿ ಹೇಳುವವರು ಮಾತ್ರ ಅವಳ ಜೊತೆ ಯಾರೂ ಇರಲಿಲ್ಲ. ಇದ್ದ ಒಬ್ಬಳು ಓದಿರಲಿಲ್ಲ.

ವರ್ಧಾ ರೋಡಿನ ಆ ತುದಿ

ನಮ್ಮ ಬಡಾವಣೆಯ ಪಕ್ಕದಲ್ಲಿ ಹಾದುಹೋಗುವ ದೊಡ್ಡ ರಸ್ತೆಯ ಹೆಸರು ವರ್ಧಾ ರೋಡ್. ಈಗ ಅದರ ನೆತ್ತಿಯ ಮೇಲೆ ಮೆಟ್ರೋ ಓಡುತ್ತದೆ. ಅದೇ ರಸ್ತೆಯಲ್ಲಿ ಸುಮಾರು 75 ಕಿಲೋಮೀಟರ್ ಹೋದರೆ ವರ್ಧಾ ಊರು. 1937ರ ಅಕ್ಟೋಬರ್ 22 ಮತ್ತು 23ರಂದು ಅಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ದೇಶದ ಎಲ್ಲ ಮಕ್ಕಳಿಗೂ ಏಳು ವರ್ಷ ಉಚಿತ ಮತ್ತು ಕಡ್ಡಾಯ ಶಿಕ್ಷಣ ಸಿಗಬೇಕು, ಅದು ತಾಯ್ನುಡಿಯಲ್ಲಿರಬೇಕು, ಕೈಕೆಲಸದ ಸುತ್ತ ಕಲಿಕೆ ನಡೆಯಬೇಕು ಎಂದು ಅಲ್ಲಿ ನಿರ್ಣಯವಾಯಿತು. ಪಠ್ಯಕ್ರಮ ರೂಪಿಸಲು ನೇಮಿಸಿದ ಸಮಿತಿಗೆ ಡಾ. ಜಾಕಿರ್ ಹುಸೇನ್ ಅಧ್ಯಕ್ಷರು. ಇದನ್ನೇ ನಾವು ಶಾಲೆಯಲ್ಲಿ ‘ಮೂಲ ಶಿಕ್ಷಣ’ ಎಂದು ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದು.

ಬೇಡಿಕೆ ಅದಕ್ಕಿಂತ ಹಳೆಯದು. ಬರೋಡ ಸಂಸ್ಥಾನದಲ್ಲಿ 1906ರ ಹೊತ್ತಿಗೆ ಕಡ್ಡಾಯ ಶಿಕ್ಷಣ ಬಂದಿತ್ತು. 1911ರಲ್ಲಿ ಗೋಪಾಲ ಕೃಷ್ಣ ಗೋಖಲೆಯವರು ಬ್ರಿಟಿಷ್ ಭಾರತದ ಶಾಸನ ಸಭೆಯಲ್ಲಿ ಒಂದು ಮಸೂದೆ ಮಂಡಿಸಿದರು. ಕೇಳಿದ್ದು ಬಹಳ ಕಡಿಮೆ: 6ರಿಂದ 10 ವರ್ಷದ ಗಂಡುಮಕ್ಕಳಿಗೆ, ಅದೂ ಸ್ಥಳೀಯ ಸಂಸ್ಥೆಗಳು ಒಪ್ಪಿದ ಕಡೆ. ಖರ್ಚು ಹೆಚ್ಚು, ಜನರೇ ಕೇಳುತ್ತಿಲ್ಲ ಎಂಬ ಉತ್ತರ ಬಂತು. 1912ರಲ್ಲಿ ಮಸೂದೆ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಮರುವರ್ಷವೇ, 1913ರಲ್ಲಿ, ನಮ್ಮ ಮೈಸೂರು ಸಂಸ್ಥಾನ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ತಂದು, ಆಯ್ದ ಊರುಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿತು.

ರಾಮದಾಸಪೇಠ್‌ನಿಂದ ಆಟೋ ಹತ್ತಿದರೆ ಸ್ವಲ್ಪ ಹೊತ್ತಿಗೆ ದೀಕ್ಷಾಭೂಮಿ. ಅಲ್ಲಿಗೆ ಹೋದಾಗಲೆಲ್ಲ ಡಾ. ಅಂಬೇಡ್ಕರ್ ಅವರ ಒಂದು ವಾದ ಈಗ ನನಗೆ ನೆನಪಾಗುತ್ತದೆ. 1948ರ ನವೆಂಬರ್ 23ರಂದು ಸಂವಿಧಾನ ಸಭೆಯಲ್ಲಿ, 14 ವರ್ಷದವರೆಗೆ ಶಿಕ್ಷಣ ಎನ್ನುವುದು ಹೆಚ್ಚಾಯಿತು, ಪ್ರಾಥಮಿಕ ಹಂತಕ್ಕೆ ನಿಲ್ಲಿಸೋಣ ಎಂಬ ಸಲಹೆ ಬಂತು. ಅವರು ಒಪ್ಪಲಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಅಪಾಯದ ಕೆಲಸಗಳಿಗೆ ಹಚ್ಚಬಾರದೆಂದು ಇನ್ನೊಂದು ವಿಧಿಯಲ್ಲಿ ನಾವೇ ಹೇಳುತ್ತಿದ್ದೇವೆ, ಕೆಲಸಕ್ಕೆ ಹೋಗದ ಮಗು ಆ ಹೊತ್ತಿನಲ್ಲಿ ಶಾಲೆಯಲ್ಲಿರಬೇಕಲ್ಲವೇ ಎಂಬುದು ಅವರ ವಾದದ ತಿರುಳು. ಮಗು ಒಂದೋ ಶಾಲೆಯಲ್ಲಿರುತ್ತದೆ, ಇಲ್ಲವೇ ಕುಣಿಯ ಅಂಚಿನಲ್ಲಿ. ಅದಾಗಿ 17 ದಿನಕ್ಕೆ, ಡಿಸೆಂಬರ್ 10ರಂದು, ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿತು. ಶಿಕ್ಷಣ ಎಲ್ಲರ ಹಕ್ಕು, ಪ್ರಾಥಮಿಕ ಹಂತವಾದರೂ ಉಚಿತವಾಗಿರಬೇಕು ಎನ್ನುತ್ತದೆ ಅದರ 26ನೇ ವಿಧಿ.

ನಮ್ಮ ಸಂವಿಧಾನ ಇದಕ್ಕೆ ಹಾಕಿಕೊಂಡ ಗಡುವು ಹತ್ತು ವರ್ಷ, ಅಂದರೆ 1960. ಗಡುವು ಬಂತು, ಹೋಯಿತು. 1992ರಲ್ಲಿ ಕರ್ನಾಟಕದ ಮೆಡಿಕಲ್ ಸೀಟೊಂದರ ಕ್ಯಾಪಿಟೇಶನ್ ಶುಲ್ಕದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣವನ್ನು ಹಕ್ಕೆಂದಿತು. ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಎಂದೇ ಆ ಪ್ರಕರಣ ಪ್ರಸಿದ್ಧ. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ, 14 ವರ್ಷದವರೆಗೆ ಅದು ಮೂಲಭೂತ ಹಕ್ಕೇ ಎಂದು ಗಟ್ಟಿಯಾಯಿತು. 2002ರಲ್ಲಿ ಸಂವಿಧಾನ ತಿದ್ದುಪಡಿಯಾಗಿ 21ಎ ವಿಧಿ ಬಂತು. 2010ರಲ್ಲಿ ಕಾಯ್ದೆ ಜಾರಿಯಾಯಿತು. ಗೋಖಲೆಯವರ ಮಸೂದೆಯಿಂದ ಎಣಿಸಿದರೆ 99 ವರ್ಷ. ಇಷ್ಟು ದೂರ ನಡೆದು ಬಂದ ಹಕ್ಕು ನಮ್ಮ ಮನೆಯ ಹತ್ತಿರದ ಒಂದು ಮೇಜಿನ ಮುಂದೆ ಬಂದು ನಿಂತುಬಿಟ್ಟಿತ್ತು.

ಎಲ್ಲ ಎಂದರೆ ಎಲ್ಲ

ಯುನೆಸ್ಕೋ ಇತ್ತೀಚಿನ ವರ್ಷಗಳಲ್ಲಿ ಹೇಳುತ್ತಿರುವ ಪ್ರಕಾರ ಜಗತ್ತಿನಲ್ಲಿ ಶಾಲೆಯ ಹೊರಗಿರುವ ಮಕ್ಕಳು ಮತ್ತು ಹದಿಹರೆಯದವರು 25 ಕೋಟಿಗೂ ಹೆಚ್ಚು. ಅಫ್ಘಾನಿಸ್ತಾನದಲ್ಲಿ 2021ರಿಂದ ಆರನೇ ತರಗತಿಯ ಆಚೆ ಹೆಣ್ಣುಮಕ್ಕಳಿಗೆ ಶಾಲೆಯೇ ಮುಚ್ಚಿದೆ. ಇನ್ನೆಷ್ಟೋ ಕಡೆ ಯುದ್ಧ, ಬರ, ನಿರಾಶ್ರಿತರ ಡೇರೆ.

ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2003ರಲ್ಲಿ ಕೀನ್ಯಾ ದೇಶ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿದಾಗ, ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊಸದಾಗಿ ಬಂದು ತುಂಬಿಕೊಂಡರು. ಮರುವರ್ಷ ಕಿಮಾನಿ ಮಾರುಗೆ ಎಂಬ 84 ವರ್ಷದ ಅಜ್ಜ ಯೂನಿಫಾರ್ಮ್ ಹಾಕಿಕೊಂಡು ಒಂದನೇ ತರಗತಿಗೆ ಸೇರಿದರು. ಗೋಖಲೆಯವರಿಗೆ ‘ಜನರೇ ಕೇಳುತ್ತಿಲ್ಲ’ ಎಂದವರು ಈ ಅಜ್ಜನನ್ನು ನೋಡಬೇಕಿತ್ತು.

ನಮ್ಮಲ್ಲೂ ಸಾಧನೆ ಸಣ್ಣದಲ್ಲ. 1951ರಲ್ಲಿ ದೇಶದ ಸಾಕ್ಷರತೆ ಶೇಕಡಾ 18. 2011ರಲ್ಲಿ 74. ಮಧ್ಯಾಹ್ನದ ಊಟ ಶಾಲೆಗೆ ಮಕ್ಕಳನ್ನು ಕರೆತಂದಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾದದ್ದು ಕಲಬುರಗಿ, ರಾಯಚೂರಿನಂಥ ಜಿಲ್ಲೆಗಳಲ್ಲೇ. ಆದರೂ 2011ರ ಗಣತಿಯಲ್ಲಿ ನಾಗಪುರ ಜಿಲ್ಲೆಯ ಸಾಕ್ಷರತೆ ಶೇಕಡಾ 88 ಇದ್ದರೆ ಯಾದಗಿರಿಯದು ಸುಮಾರು 52, ಕರ್ನಾಟಕದಲ್ಲೇ ಕಡಿಮೆ. ಈ ಹುಡುಗಿ 52ರ ಜಿಲ್ಲೆಯಿಂದ 88ರ ಜಿಲ್ಲೆಗೆ ಬಂದು ನಿಂತಿದ್ದಳು, ಎರಡರ ಹಾಜರಿ ಪುಸ್ತಕದಲ್ಲೂ ಕೂರದೆ. ಊರಿನ ಶಾಲೆಗೆ ಅವಳು ಗೈರುಹಾಜರಿ, ಇಲ್ಲಿನ ಶಾಲೆಗೆ ಅವಳು ಹೊರಗಿನವಳು.

ನೂರಕ್ಕೆ ತೊಂಬತ್ತು ಮಕ್ಕಳನ್ನು ಶಾಲೆಗೆ ತರುವುದು ಕಟ್ಟಡದಿಂದ, ಊಟದಿಂದ, ಸೈಕಲ್ಲಿನಿಂದ ಆಗುತ್ತದೆ. ಉಳಿದ ಹತ್ತು ಒಂದು ಕಡೆ ನಿಲ್ಲುವ ಮಕ್ಕಳಲ್ಲ. ಕಬ್ಬು ಕಡಿಯಲು ಬೀಡ್ ಕಡೆಯಿಂದ ನಮ್ಮ ಬೆಳಗಾವಿಗೆ ಬರುವವರ ಮಕ್ಕಳು, ಇಟ್ಟಿಗೆ ಭಟ್ಟಿಯವರ ಮಕ್ಕಳು, ಕಲಬುರಗಿಯಿಂದ ಮುಂಬೈ, ಪುಣೆಗೆ ಹೋಗುವವರ ಮಕ್ಕಳು. ಇವರಿಗಾಗಿ ಕರ್ನಾಟಕದಲ್ಲಿ ಚಿಣ್ಣರ ಅಂಗಳ, ಟೆಂಟ್ ಶಾಲೆ ನಡೆದವು; ಮಹಾರಾಷ್ಟ್ರದಲ್ಲಿ ಸಕ್ಕರೆ ಕಾರ್ಖಾನೆಗಳ ಬಳಿ ‘ಸಾಖರ್ ಶಾಲಾ’ ನಡೆದವು. ಆದರೆ ಅಲ್ಲಿ ಗುಂಪು ದೊಡ್ಡದಿರುತ್ತದೆ, ಕಣ್ಣಿಗೆ ಬೀಳುತ್ತದೆ. ನಮ್ಮ ರಸ್ತೆಯಲ್ಲಿದ್ದದ್ದು ನಾಲ್ಕು ಜೋಡಿ, ಒಬ್ಬಳು ಹುಡುಗಿ. ಒಬ್ಬಳಿಗಾಗಿ ಯಾರೂ ಯೋಜನೆ ಮಾಡುವುದಿಲ್ಲ. ಒಬ್ಬಳಿಗೆ ಒಂದು ಕಾಯ್ದೆ ಮತ್ತು ಜೊತೆಗೆ ನಡೆಯುವ ಒಬ್ಬರು ಬೇಕು.

ಎರಡನೆಯ ಸಲ

ಕಾಯ್ದೆಯ ಆ ಪುಟಗಳ ಮರಾಠಿ ಅನುವಾದವನ್ನು ಪ್ರಿಂಟ್ ತೆಗೆಸಿಕೊಂಡು ಮತ್ತೆ ಹೋದೆ. ಈ ಸಲ ಮುಖ್ಯೋಪಾಧ್ಯಾಯಿನಿಯವರನ್ನೇ ಕಂಡೆ. ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ, ಅದರ ಅಗತ್ಯ ಬೀಳಲಿಲ್ಲ. ಅವರು ಹಾಳೆಗಳನ್ನು ಪಕ್ಕಕ್ಕಿಟ್ಟು, "ಇದು ನನಗೆ ಗೊತ್ತು. ಆದರೆ ಆನ್‌ಲೈನ್‌ನಲ್ಲಿ ಹೆಸರು ಏರಿಸಲು ಒದ್ದಾಡಬೇಕು, ಹೋದ ಮೇಲೆ ಡ್ರಾಪ್‌ಔಟ್ ಎಂದು ನಮ್ಮ ಲೆಕ್ಕಕ್ಕೇ ಬರುತ್ತದೆ" ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ ಬೋರ್ಡಿನ ಮೇಲೆ ಒಂದು ಕೂಡುವ ಲೆಕ್ಕ ಬರೆದರು. ಅವಳು ಮಾಡಿದಳು. ಕಳೆಯುವುದು ಬರೆದರು. ಅದನ್ನೂ ಮಾಡಿದಳು. "ಲೆಕ್ಕಕ್ಕೆ ಮರಾಠಿ ಬೇಕಾಗಿಲ್ಲವಲ್ಲ" ಎಂದು ನಕ್ಕು, ಮೂರನೇ ತರಗತಿಗೆ ಹೆಸರು ಬರೆದುಕೊಂಡರು.

ತಮ್ಮನದೇ ದೊಡ್ಡ ತೊಡಕಾಗಿತ್ತು. ಅವನಿಗೆ ಮೂರು ತುಂಬಿದ್ದರಿಂದ ಅಂಗನವಾಡಿಗೆ ಕಳಿಸಬಹುದಿತ್ತು. ಮೊದಲ ವಾರ ಅತ್ತು ಅತ್ತು ಅಕ್ಕನ ಶಾಲೆಯ ಗೇಟಿಗೇ ಬರುತ್ತಿದ್ದ. ಎರಡನೆಯ ವಾರ ಅಲ್ಲಿನ ಖಿಚಡಿಗೆ ಒಗ್ಗಿದ. ಅಂಗನವಾಡಿ ಮುಗಿದ ಮೇಲೆ ಅಕ್ಕ ಬರುವವರೆಗಿನ ಹೊತ್ತು ನಮ್ಮ ವಾಚ್‌ಮನ್‌ನ ಹೆಂಡತಿ ನೋಡಿಕೊಂಡಳು. ಅವಳೂ ವಲಸೆ ಬಂದವಳೇ, ಛತ್ತೀಸ್‌ಗಢದವಳು. ಯಾರೂ ಅವಳನ್ನು ಕೇಳಿರಲಿಲ್ಲ. ತಾನೇ ಬಂದು, "ಮೇರೆ ಪಾಸ್ ಛೋಡ್ ದೋ" ಎಂದಳು. ನಾನು ಇಷ್ಟು ಬರೆಯುತ್ತಿದ್ದೇನಲ್ಲ, ಆ ನಾಲ್ಕು ತಿಂಗಳು ಹುಡುಗಿ ಶಾಲೆಗೆ ಹೋದದ್ದು ಮುಖ್ಯವಾಗಿ ಆ ಹೆಣ್ಣುಮಗಳಿಂದ.

ಭಾಷೆಯ ಕಷ್ಟ ಇತ್ತು. ಸಾಧ್ಯವಾದ ಮಟ್ಟಿಗೆ ತಾಯ್ನುಡಿಯಲ್ಲೇ ಕಲಿಸಬೇಕೆಂದು ಕಾಯ್ದೆ ಹೇಳುತ್ತದೆ. ರಾಮದಾಸಪೇಠ್‌ನಲ್ಲಿ ಒಬ್ಬಳಿಗಾಗಿ ಅದು ಸಾಧ್ಯವಿರಲಿಲ್ಲ. ಸಂಜೆ ನಮ್ಮ ಮನೆಯಲ್ಲಿ ಅರ್ಧ ಗಂಟೆ ಕನ್ನಡ ಓದಿಸುತ್ತಿದ್ದೆ. ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ನನ್ನ ಮಗಳು ಅವಳ ಪಕ್ಕ ಕುಳಿತು, ಒತ್ತಕ್ಷರ ತಪ್ಪಿದಾಗ ಅವಳಿಂದ ಬೈಸಿಕೊಂಡು ಕನ್ನಡ ಕಲಿತಳು.

ಮಾರ್ಚ್ ನಡುವಿಗೆ ಕೆಲಸ ಮುಗಿಯಿತು. ಮುಕಾದಮ ಚಂದ್ರಪುರದ ಕಡೆ ಇನ್ನೊಂದು ಕೆಲಸ ಹಿಡಿದಿದ್ದ. ಹೊರಡುವ ಎರಡು ದಿನ ಮೊದಲು ಅಪ್ಪ ತಾನೇ ಶಾಲೆಗೆ ಹೋಗಿ ಟಿಸಿ ಕೇಳಿ ತಂದ. ನಾನು ಜೊತೆಗೆ ಹೋಗಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ರೇಷನ್ ಕಾರ್ಡಿನ ಜೊತೆ ಅದನ್ನು ಮಡಚಿಟ್ಟದ್ದನ್ನು ತೋರಿಸಿದ. ಮರಾಠಿಯ ಆ ಹಾಳೆ ಚಂದ್ರಪುರದಲ್ಲೂ ನಡೆಯುತ್ತದೆ, ಯಾದಗಿರಿಯಲ್ಲೂ ನಡೆಯಬೇಕು.

ಹುಡುಗಿ ಹೋಗುವ ಮೊದಲು ಮನೆಗೆ ಬಂದು, "ಆ ಊರಾಗ ಸಾಲಿಗಿ ಕರಕೊಂಡು ಹೋಗಾಕ ನಿಮ್ಮಂಗ ಯಾರಾರ ಇರ್ತಾರೇನ್ರಿ?" ಎಂದು ಕೇಳಿದಳು.

ಇರ್ತಾರ ಅಂದೆ. ಹಾಗೆ ಹೇಳಿದ ಸಾಲವನ್ನು ತೀರಿಸಲು ಈ ಲೇಖನ ಬರೆಯುತ್ತಿದ್ದೇನೆ.

ನೀವು ಪುಣೆಯಲ್ಲಿದ್ದರೂ, ಮುಂಬೈ, ಹೈದರಾಬಾದ್, ದೆಹಲಿಯಲ್ಲಿದ್ದರೂ ನಿಮ್ಮ ಮನೆಯ ಎದುರು ಒಂದು ಕಟ್ಟಡ ಏಳುತ್ತಿರುತ್ತದೆ, ಒಂದು ಕುಣಿ ತೋಡುತ್ತಿರುತ್ತಾರೆ. ಅಲ್ಲಿ 6ರಿಂದ 14 ವರ್ಷದ ಮಗು ಕಂಡರೆ, ಕನ್ನಡದ್ದೇ ಆಗಬೇಕೆಂದಿಲ್ಲ, ತಂದೆತಾಯಿಯನ್ನು ಮಾತಾಡಿಸಿ. ಚಿಕ್ಕ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲು ಕೇಳಿ. ಅದಕ್ಕೆ ದಾರಿಯಾಗದೆ ದೊಡ್ಡದು ಶಾಲೆಗೆ ಹೋಗುವುದಿಲ್ಲ. ಹತ್ತಿರದ ಸರ್ಕಾರಿ ಶಾಲೆಗೆ ಜೊತೆಗೆ ಹೋಗಿ. ಟಿಸಿ ಇಲ್ಲ, ಆಧಾರ್ ಇಲ್ಲ, ತಡವಾಯಿತು ಎಂದರೆ 5, 14, 15ನೇ ಸೆಕ್ಷನ್‌ಗಳನ್ನು ವಿನಯದಿಂದ ತೋರಿಸಿ. ಆದರೂ ಆಗದಿದ್ದರೆ ಸ್ಥಳೀಯ ಶಿಕ್ಷಣಾಧಿಕಾರಿಗೆ ಬರೆದು ಕೊಡಿ. ಲಿಖಿತ ದೂರನ್ನು 3 ತಿಂಗಳೊಳಗೆ ತೀರ್ಮಾನಿಸಬೇಕೆಂದು 32ನೇ ಸೆಕ್ಷನ್ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098 ದೇಶದ ಎಲ್ಲ ಕಡೆ ಇದೆ. ಅವರು ಊರು ಬಿಡುವ ಸುದ್ದಿ ತಿಳಿದ ದಿನವೇ ಟಿಸಿ ತೆಗೆಸಿಕೊಳ್ಳಲು ನೆನಪಿಸಿ. ಇದಕ್ಕೆ ಬೇಕಾಗುವುದು ಎರಡು ಬೆಳಗಿನ ಹೊತ್ತು ಮತ್ತು ಸ್ವಲ್ಪ ಮೊಂಡುತನ. ನಮ್ಮ ಮಕ್ಕಳ ವಿಷಯದಲ್ಲಿ ಎರಡೂ ನಮ್ಮಲ್ಲಿ ಧಾರಾಳವಾಗಿವೆ.

ಕುಣಿ ಮುಚ್ಚಿ ಈಗ ಮೇಲೆ ಫೇವರ್ ಕಲ್ಲು ಹಾಸಿದ್ದಾರೆ. ಅದರ ಕೆಳಗೆ ಹೋಗಿರುವ ಕೇಬಲ್‌ನಿಂದಲೇ ನಮ್ಮ ಮನೆಗೆ ಇಂಟರ್ನೆಟ್ ಬರುತ್ತದೆ, ಈ ಪತ್ರಿಕೆಯೂ ಬರುತ್ತದೆ. ಎಷ್ಟು ಮೀಟರ್ ಎಂದು ಸರಿಯಾಗಿ ಓದಿ ಹೇಳಿದವಳು ಈಗ ನಾಲ್ಕನೇ ತರಗತಿಯಲ್ಲಿರಬೇಕು. ನಿಮ್ಮ ರಸ್ತೆಗೆ ಬಂದರೆ ಮಾತಾಡಿಸಿ.